ಗಿಡಗಳಿಗೆ ಹೆಸರು, ಎಳೆಯ ವಿಜ್ಞಾನಿಗಳಿಗೆ ಹೆಗಲು: ವಂ. ಫಾ. ಸೆಸಿಲ್ ಸಲ್ಡಾನ್ಹಾ, ಯೇ.ಸ.

ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಯೇಸುಸಭೆಯ ಗುರು ವಂದನೀಯ ಫಾದರ್ ಸೆಸಿಲ್ ಜಾನ್ ಸಲ್ಡಾನ್ಹಾ (1926–2002) ಅವರು ನಮ್ಮನ್ನಗಲಿ ಎರಡು ದಶಕಗಳಿಗೂ ಮಿಗಿಲಾಯಿತು. ಹಾಸನ ಜಿಲ್ಲೆಯ ಗಿಡಮರಗಳನ್ನು, ಆಮೇಲೆ ಕರ್ನಾಟಕದ ಗಿಡಮರಗಳನ್ನು ಪುಸ್ತಕಕ್ಕೆ ಇಳಿಸಿದವರು ಎಂದು ವಿಜ್ಞಾನಿಗಳ ವಲಯದಲ್ಲಿ ಇವರ ಹೆಸರು ಇಂದಿಗೂ ಓಡಾಡುತ್ತಿದೆ. ಹಳೆಯ ಪತ್ರಿಕಾ ಓದುಗರಲ್ಲಿ ಕೆಲವರಿಗೆ ಇವರು ಕ್ರೀಡಾ ವರದಿಗಾರರಾಗಿಯೂ ನೆನಪಿರಬಹುದು. ಡೆಕ್ಕನ್ ಹೆರಾಲ್ಡ್ ಪತ್ರಿಕೆಗೆ ಒಲಿಂಪಿಕ್ಸ್ ಕ್ರೀಡಾಕೂಟದ ಬಗ್ಗೆ ಬರೆದ ಗುರುಗಳು ಇವರೇ.

ಫಾದರ್ ಸೆಸಿಲ್ ಅವರ ಪುಸ್ತಕಗಳ ಬಗ್ಗೆ ಸಸ್ಯಶಾಸ್ತ್ರದವರು ಸಾಕಷ್ಟು ಬರೆದಿದ್ದಾರೆ. ನಾವು ಇಲ್ಲಿ ಹೇಳಹೊರಟಿರುವುದು ಇನ್ನೊಂದು ಸಂಗತಿಯನ್ನು. ಆ ಪುಸ್ತಕಗಳನ್ನು ಅವರು ಒಬ್ಬರೇ ಕುಳಿತು ಬರೆಯಲಿಲ್ಲ. ಆಗ ತಾನೇ ಓದು ಮುಗಿಸಿ ಬಂದಿದ್ದ ಯುವಕರನ್ನು ಜೊತೆಗಿಟ್ಟುಕೊಂಡು ಬರೆದರು. ಎಳೆಯ ಸಂಶೋಧಕರಿಗೆ ಕೆಲಸ, ಕಲಿಯುವ ಜಾಗ, ದೊಡ್ಡವರ ಸಂಪರ್ಕ, ಎಲ್ಲಕ್ಕಿಂತ ಮುಖ್ಯವಾಗಿ ಅಚ್ಚಾದ ಪುಟದಲ್ಲಿ ಅವರದೇ ಹೆಸರು ದೊರಕುವಂತೆ ಮಾಡಿದರು. ಶಿಕ್ಷಣ ಸಂಸ್ಥೆಗಳನ್ನು ನಡೆಸುವ, ವಿದ್ಯಾರ್ಥಿವೇತನ ಹಂಚುವ, ಯುವಜನರ ನಡುವೆ ದುಡಿಯುವ ನಮಗೆಲ್ಲ ಈ ಜೀವನದಿಂದ ಕಲಿಯಲು ಬಹಳಷ್ಟಿದೆ.

ಯೇಸುಸಭೆಯ ಸಸ್ಯಶಾಸ್ತ್ರ ಪರಂಪರೆ

ಧರ್ಮಗುರುಗಳಿಗೂ ಗಿಡಗಳಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಈ ಸಂಬಂಧ ಹಳೆಯದು. ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್ ಅವರ ಮೇಲ್ವಿಚಾರಣೆಯಲ್ಲಿ ಸಿದ್ಧವಾಗಿ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ಹೋರ್ತುಸ್ ಮಲಬಾರಿಕುಸ್ ಎಂಬ ಗ್ರಂಥಕ್ಕೆ ಆರಂಭದಲ್ಲಿ ಕೈಜೋಡಿಸಿದವರು ಕಾರ್ಮೆಲ್ ಸಭೆಯ ಗುರು ಸಂತ ಜೋಸೆಫರ ಮ್ಯಾಥ್ಯೂ. ಇಪ್ಪತ್ತನೆಯ ಶತಮಾನದಲ್ಲಿ ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಸ್ವಿಸ್ ಮೂಲದ ಫಾದರ್ ಎಥೆಲ್ಬರ್ಟ್ ಬ್ಲಾಟರ್ ಅವರು ಒಣಗಿಸಿದ ಸಸ್ಯಗಳ ಸಂಗ್ರಹವೊಂದನ್ನು ಕಟ್ಟಿದರು. ಇಂತಹ ಸಂಗ್ರಹಕ್ಕೆ ಹರ್ಬೇರಿಯಂ ಎಂದು ಹೆಸರು. ಆ ಹರ್ಬೇರಿಯಂ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಅದೇ ಕಾಲೇಜಿಗೆ 1940ರಲ್ಲಿ ಪ್ರಾಧ್ಯಾಪಕರಾಗಿ ಬಂದವರು ಸ್ಪೇನ್ ದೇಶದ ಫಾದರ್ ಹೆರ್ಮೆನೆಗಿಲ್ಡ್ ಸಂತಾಪಾವ್ (1903–1970). ಇವರು ಖಂಡಾಲದ ಸಸ್ಯಗಳ ಕುರಿತು ಗ್ರಂಥ ಬರೆದರು. ಮುಂದೆ 1961ರಿಂದ 1967ರವರೆಗೆ ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದರು. ಭಾರತ ಸರಕಾರ 1967ರಲ್ಲಿ ಇವರಿಗೆ ಪದ್ಮಶ್ರೀ ನೀಡಿತು. ಬ್ಲಾಟರ್ ಅವರ ಹರ್ಬೇರಿಯಂ ಇದ್ದ ಕಾಲೇಜಿನಲ್ಲಿ ಹಲವಾರು ಯುವ ಸಂಶೋಧಕರು ಇವರ ಕೈಯಲ್ಲಿ ಪಳಗಿದರು. ಮುಂಬಯಿಯ ಆರ್ಕಿಡ್ ಸಸ್ಯಗಳ ಕುರಿತು 1966ರಲ್ಲಿ ಪ್ರಕಟವಾದ ಗ್ರಂಥದ ಮುಖಪುಟದಲ್ಲಿ ಸಂತಾಪಾವ್ ಅವರ ಹೆಸರಿನ ಪಕ್ಕದಲ್ಲೇ ಝಡ್. ಕಪಾಡಿಯಾ ಎಂಬ ಸಹಸಂಶೋಧಕರ ಹೆಸರೂ ಇದೆ. ಸಂಸ್ಥೆಯ ಮುಖ್ಯಸ್ಥರೊಬ್ಬರು ತಮ್ಮ ಹೆಸರಿನ ಜೊತೆ ಮತ್ತೊಬ್ಬರ ಹೆಸರಿಗೂ ಸಮಾನ ಜಾಗ ಕೊಟ್ಟರು ಎಂಬುದನ್ನು ನಾವು ಗಮನಿಸಬೇಕು.

ಫಾದರ್ ಸೆಸಿಲ್ ಅವರು ಸಸ್ಯಶಾಸ್ತ್ರಜ್ಞರಾಗಿ ಬೆಳೆದದ್ದು ಈ ಪರಂಪರೆಯಲ್ಲಿ. ಅವರು ಮೊದಲು ಆರಿಸಿಕೊಂಡದ್ದು ಪಶ್ಚಿಮ ಭಾರತದ ಸ್ಕ್ರೊಫುಲೇರಿಯೇಸಿ ಎಂಬ ಸಸ್ಯ ಕುಟುಂಬವನ್ನು. ಹೆಸರು ಕಷ್ಟವೆನಿಸಿದರೂ ಗಿಡಗಳು ಪರಿಚಿತವೇ. ಗದ್ದೆಯ ತೇವದಲ್ಲಿ ಹಬ್ಬುವ ನೀರುಬ್ರಾಹ್ಮಿಯನ್ನು ಆಗಿನ ವರ್ಗೀಕರಣದಲ್ಲಿ ಇದೇ ಕುಟುಂಬಕ್ಕೆ ಸೇರಿಸುತ್ತಿದ್ದರು. ಜೋಳ, ಸಜ್ಜೆ, ಕಬ್ಬಿನ ಬೇರಿಗೆ ಅಂಟಿಕೊಂಡು ರಸ ಹೀರುವ ಸ್ಟ್ರೈಗಾ ಎಂಬ ಕಳೆಯೂ ಇದರಲ್ಲೇ ಇತ್ತು. ಈ ಕಳೆಯ ಕುರಿತು ಫಾದರ್ ಸೆಸಿಲ್ ಬರೆದ ಲೇಖನ 1963ರಲ್ಲಿ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಆಗ ಸಂಸ್ಥೆಯ ನಿರ್ದೇಶಕರಾಗಿದ್ದವರು ಫಾದರ್ ಸಂತಾಪಾವ್. ಎಳೆಯ ಸಂಶೋಧಕರ ಬರಹಕ್ಕೆ ಒಂದು ಪತ್ರಿಕೆಯಲ್ಲಿ ಜಾಗ ಸಿಗುವುದೆಂದರೇನು ಎಂಬುದು ಫಾದರ್ ಸೆಸಿಲ್ ಅವರಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು.

ಮೈಸೂರು ರಾಜ್ಯದ ಕೊರತೆ

ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರಲ್ಲಿ ಆರಂಭವಾಯಿತು. 1937ರಲ್ಲಿ ಅದರ ಆಡಳಿತ ಯೇಸುಸಭೆಯ ಕೈಗೆ ಬಂತು. ಫಾದರ್ ಸೆಸಿಲ್ ಇಲ್ಲಿ ಅಧ್ಯಾಪಕರಾಗಿ ದುಡಿಯತೊಡಗಿದ ಕಾಲದಲ್ಲಿ ಈ ನಾಡಿನ ಸಸ್ಯಶಾಸ್ತ್ರಕ್ಕೆ ಒಂದು ದೊಡ್ಡ ಕೊರತೆಯಿತ್ತು.

ಹುಕರ್ ಎಂಬ ಇಂಗ್ಲಿಷ್ ವಿಜ್ಞಾನಿಯ ನೇತೃತ್ವದಲ್ಲಿ ಇಡೀ ಬ್ರಿಟಿಷ್ ಭಾರತದ ಸಸ್ಯಗಳ ಗ್ರಂಥ 1872ರಿಂದ 1897ರವರೆಗೆ 7 ಸಂಪುಟಗಳಲ್ಲಿ ಬಂದಿತ್ತು. ಬಳಿಕ ಮುಂಬಯಿ ಪ್ರಾಂತ್ಯಕ್ಕೆ ಕುಕ್ ಎಂಬವರು ಬೇರೆ ಗ್ರಂಥ ಬರೆದರು. ಉತ್ತರ ಕನ್ನಡ, ಬೆಳಗಾವಿ, ಧಾರವಾಡ ಅದರಲ್ಲಿ ಸೇರಿದವು. ಮದ್ರಾಸ್ ಪ್ರಾಂತ್ಯಕ್ಕೆ ಗ್ಯಾಂಬಲ್ ಬರೆದರು. ನಮ್ಮ ದಕ್ಷಿಣ ಕನ್ನಡ ಆಗ ಆ ಪ್ರಾಂತ್ಯದಲ್ಲಿದ್ದುದರಿಂದ ಅದರಲ್ಲಿ ಬಂತು. ನಡುವೆ ಉಳಿದದ್ದು ಮಹಾರಾಜರ ಮೈಸೂರು ಸಂಸ್ಥಾನ. ಅದಕ್ಕೆ ಅಂತಹ ಪೂರ್ಣ ಗ್ರಂಥ ಇರಲಿಲ್ಲ. ಮೈಸೂರಿನ ಬಿ. ಎ. ರಜಿ ಎಂಬ ವಿದ್ವಾಂಸರು 1940ರ ದಶಕದಲ್ಲಿ ಮೈಸೂರಿನ ಸಸ್ಯಗಳ ಪಟ್ಟಿಯನ್ನು ಪ್ರಕಟಿಸಿ ದಾರಿ ತೋರಿದ್ದರು. ಆದರೆ ಪಟ್ಟಿ ಬೇರೆ, ಗಿಡವನ್ನು ಕೈಯಲ್ಲಿ ಹಿಡಿದು ಹೆಸರು ಕಂಡುಹಿಡಿಯಲು ನೆರವಾಗುವ ಗ್ರಂಥ ಬೇರೆ.

ಈ ಕೊರತೆಯ ಪೆಟ್ಟು ಹೆಚ್ಚಾಗಿ ಬೀಳುವುದು ಎಳೆಯ ಸಂಶೋಧಕರ ಮೇಲೆ. ನಂಜನಗೂಡು ತಾಲೂಕಿನ ಚಿಕ್ಕಯ್ಯನಛತ್ರದಂತಹ ಹೋಬಳಿಯ ಹಳ್ಳಿಯಿಂದ, ಅಥವಾ ಪಕ್ಕದ ತಿ. ನರಸೀಪುರದ ಕಡೆಯಿಂದ ಬಂದು ಮೈಸೂರಿನಲ್ಲಿ ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳೋಣ. ಊರಿನ ಗದ್ದೆಯ ಬದುವಿನಲ್ಲಿ ಬೆಳೆದ ಗಿಡವೊಂದನ್ನು ಆಕೆ ಕಿತ್ತು ತರುತ್ತಾಳೆ. ಹೆಸರು ಖಚಿತವಾಗದೆ ಆ ಗಿಡದ ಔಷಧ ಗುಣವನ್ನಾಗಲಿ, ರೋಗವನ್ನಾಗಲಿ ಅಭ್ಯಾಸ ಮಾಡಿ ಪ್ರಯೋಜನವಿಲ್ಲ. ಹೆಸರು ತಪ್ಪಿದರೆ ಮುಂದಿನದೆಲ್ಲ ತಪ್ಪು. ದೊಡ್ಡ ಪ್ರಾಧ್ಯಾಪಕರಾದರೆ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಪತ್ರ ಬರೆದು ಕೇಳಬಹುದು. ಈಕೆ ಯಾರನ್ನು ಕೇಳಬೇಕು? ಮೈಸೂರು ಜಿಲ್ಲೆಗೆ ಕೊನೆಗೂ ಅಂತಹ ಪುಸ್ತಕ ಬಂದದ್ದು 1981ರಲ್ಲಿ. ಅದನ್ನು ಬರೆದವರು ರೊಲ್ಲಾ ಎಸ್. ರಾವ್ ಮತ್ತು ಮೇಲೆ ಹೇಳಿದ ರಜಿ. ಅದಕ್ಕೂ ಐದು ವರ್ಷ ಮೊದಲೇ ಹಾಸನ ಜಿಲ್ಲೆಯ ಗ್ರಂಥ ಬಂದಾಗಿತ್ತು.

ಗೋಧಿಯ ಹಣದಿಂದ ಗಿಡದ ಕೆಲಸ

ಹಾಸನದ ಯೋಜನೆಗೆ ಹಣ ಬಂದ ಬಗೆ ವಿಶೇಷವಾದುದು. ನಮ್ಮ ಹಿರಿಯರಿಗೆ 1960ರ ದಶಕದ ಅಮೆರಿಕದ ಗೋಧಿ ನೆನಪಿದೆ. ಪಿ.ಎಲ್. 480 ಎಂಬ ಕಾನೂನಿನಡಿ ಅಮೆರಿಕ ಭಾರತಕ್ಕೆ ಗೋಧಿ ಮಾರಿತು. ಅದರ ಬೆಲೆಯನ್ನು ಭಾರತ ಡಾಲರಿನಲ್ಲಿ ಅಲ್ಲ, ರೂಪಾಯಿಯಲ್ಲಿ ತೆತ್ತಿತು. ಹಾಗೆ ಸೇರಿದ ರೂಪಾಯಿಗಳನ್ನು ಬಹುಮಟ್ಟಿಗೆ ಭಾರತದಲ್ಲೇ ಖರ್ಚು ಮಾಡಬೇಕಾಗಿತ್ತು. ಅದರಲ್ಲಿ ಒಂದು ಪಾಲು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಮೂಲಕ ಸಂಶೋಧನೆಗೆ ಬಂತು. ಹಾಸನ ಜಿಲ್ಲೆಯ ಸಸ್ಯ ಯೋಜನೆ ನಡೆದದ್ದು ಇಂತಹ ನೆರವಿನಿಂದ.

ಆ ಸಂಸ್ಥೆಯ ಸಸ್ಯಶಾಸ್ತ್ರಜ್ಞ ಡ್ಯಾನ್ ಹೆನ್ರಿ ನಿಕಲ್ಸನ್ (1933–2016) ಅವರು ಫಾದರ್ ಸೆಸಿಲ್ ಅವರಿಗೆ ಜೊತೆಯಾದರು. ಕೆಸುವಿನ ಕುಟುಂಬದ ಸಸ್ಯಗಳಲ್ಲಿ, ಸಸ್ಯಗಳ ಲ್ಯಾಟಿನ್ ಹೆಸರಿನ ನಿಯಮಗಳಲ್ಲಿ ಇವರು ಜಗತ್ತಿನ ಪ್ರಮುಖ ಪರಿಣತರಲ್ಲೊಬ್ಬರು. ಮುಂದೆ 1988ರಲ್ಲಿ ಇವರೇ ಕೇರಳದ ವಿದ್ವಾಂಸರ ಜೊತೆ ಸೇರಿ ಹೋರ್ತುಸ್ ಮಲಬಾರಿಕುಸ್ ಗ್ರಂಥದ ಸಸ್ಯಗಳಿಗೆ ಇಂದಿನ ವೈಜ್ಞಾನಿಕ ಹೆಸರುಗಳನ್ನು ನಿರ್ಧರಿಸಿದರು.

ಇಲ್ಲಿ ಹಣ ಎಷ್ಟು ಬಂತು ಎನ್ನುವುದಕ್ಕಿಂತ ಅದು ಏನಾಯಿತು ಎನ್ನುವುದು ಮುಖ್ಯ. ಬಂದ ನೆರವು ಓದು ಮುಗಿಸಿದ ಯುವಕರ ಕಾಡಿನ ಓಡಾಟಕ್ಕೆ, ಗಿಡಗಳ ಸಂಗ್ರಹಕ್ಕೆ, ಅವರ ಬರಹದ ಪ್ರಕಟಣೆಗೆ ಆಸರೆಯಾಯಿತು. ಮಧ್ಯಮ ವರ್ಗದ ಮನೆಯ ಹುಡುಗನೊಬ್ಬ ಪದವಿ ಪಡೆದ ಕೂಡಲೇ ಬ್ಯಾಂಕಿನ ಪರೀಕ್ಷೆ ಬರೆಯಬೇಕಾಗಿದ್ದ ಕಾಲದಲ್ಲಿ, ಗಿಡದ ಕೆಲಸವನ್ನೇ ನಂಬಿ ಕೆಲವು ವರ್ಷ ಕಳೆಯಲು ಇಂತಹ ಆಸರೆ ಇಲ್ಲದೆ ಸಾಧ್ಯವಿರಲಿಲ್ಲ.

ಹಾಸನವೇ ಏಕೆ?

ಮಂಗಳೂರಿನಿಂದ ಬೆಂಗಳೂರಿಗೆ ಶಿರಾಡಿ ಘಾಟಿಯ ಮೂಲಕ ಹೋಗುವವರು ಈ ಪ್ರಶ್ನೆಗೆ ಬಸ್ಸಿನ ಕಿಟಕಿಯಿಂದಲೇ ಉತ್ತರ ಕಾಣಬಹುದು. ಗುಂಡ್ಯ ದಾಟಿ ಘಾಟಿ ಏರುವಾಗ ಮಳೆಕಾಡು. ಸಕಲೇಶಪುರದಲ್ಲಿ ಕಾಫಿ ತೋಟ, ಏಲಕ್ಕಿ, ಗುಡ್ಡದ ಹುಲ್ಲುಗಾವಲು. ಹಾಸನ ಪಟ್ಟಣ ಸಮೀಪಿಸಿದಂತೆ ಬಯಲು. ಅಲ್ಲಿಂದ ಅರಸೀಕೆರೆ ಕಡೆ ತಿರುಗಿದರೆ ಕುರುಚಲು ಗಿಡ, ಒಣ ಭೂಮಿ. ಸುಮಾರು 6,800 ಚದರ ಕಿಲೋಮೀಟರ್ ವಿಸ್ತಾರದ ಒಂದೇ ಜಿಲ್ಲೆಯಲ್ಲಿ ಮಲೆನಾಡೂ ಬಯಲುಸೀಮೆಯೂ ಇವೆ. ಇಲ್ಲಿ ಕಲಿತವರು ಕರ್ನಾಟಕದ ಬೇರೆ ಕಡೆಗೆ ಹೋದರೂ ಎಡವುವುದು ಕಡಿಮೆ. ಎಳೆಯರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಇನ್ನೊಂದು ಕಾರಣದಿಂದಲೂ ಆ ಕಾಲ ಮಹತ್ವದ್ದು. 1969ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಇವರು ಗಿಡ ಸಂಗ್ರಹಿಸುತ್ತಿದ್ದಾಗ ಜಿಲ್ಲೆ ಬದಲಾವಣೆಯ ಹೊಸ್ತಿಲಲ್ಲಿತ್ತು. ಹಾಸನ–ಮಂಗಳೂರು ರೈಲು ಮಾರ್ಗಕ್ಕಾಗಿ ಘಾಟಿಯಲ್ಲಿ ಬಂಡೆ ಒಡೆಯುವ ಕೆಲಸ ನಡೆದಿತ್ತು. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಅದೇ ವರ್ಷ ರೈಲು ಮಾರ್ಗವೂ ಪೂರ್ತಿಯಾಯಿತು. ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ಹಳೆಯ ದೇವಾಲಯ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿ ಏಳುವುದನ್ನು ನಮ್ಮಲ್ಲಿ ಬಹಳ ಮಂದಿ ಕಂಡಿದ್ದೇವೆ. ದೇವಾಲಯದ ಗೋಡೆಗಳಾದರೂ ಉಳಿದಿವೆ, ನೀರು ಇಳಿದಾಗ ಕಾಣುತ್ತವೆ. ಮುಳುಗಿದ ನೆಲದ ಗಿಡಗಳಿಗೆ ಅದೂ ಇಲ್ಲ. ಅವುಗಳ ಸುಳಿವು ಉಳಿಯುವುದು ಯಾರೋ ಒಬ್ಬರು ಮೊದಲೇ ಕಿತ್ತು, ಒಣಗಿಸಿ, ಊರಿನ ಹೆಸರು ತಾರೀಕು ಬರೆದಿಟ್ಟ ಹಾಳೆಯಲ್ಲಿ ಮಾತ್ರ.

ಕಾಡಿನಿಂದ ಕಪಾಟಿನವರೆಗೆ

ಈ ಕೆಲಸದ ಕ್ರಮವನ್ನು ತಿಳಿಯದವರಿಗಾಗಿ ಸ್ವಲ್ಪ ವಿವರಿಸುತ್ತೇವೆ. ಗಿಡವನ್ನು ಹೂವು ಅಥವಾ ಕಾಯಿ ಇರುವಾಗಲೇ ಕೀಳಬೇಕು, ಎಲೆ ಮಾತ್ರವಿದ್ದರೆ ಹೆಸರು ಹೇಳುವುದು ಕಷ್ಟ. ಮಲೆನಾಡಿನ ಅನೇಕ ಸಣ್ಣ ಗಿಡಗಳು ಹೂ ಬಿಡುವುದು ಜಡಿಮಳೆಯಲ್ಲಿ. ಆದುದರಿಂದ ಇಂಬಳ ಕಚ್ಚಿಸಿಕೊಂಡು ಮಳೆಯಲ್ಲೇ ಹೋಗಬೇಕು. ಅದೇ ಗಿಡದ ಕಾಯಿಗಾಗಿ ಕೆಲವು ತಿಂಗಳ ಬಳಿಕ ಅದೇ ಜಾಗಕ್ಕೆ ಮತ್ತೆ ಹೋಗಬೇಕು. ಕಿತ್ತ ಗಿಡಕ್ಕೆ ಸ್ಥಳದಲ್ಲೇ ಒಂದು ಸಂಖ್ಯೆ ಕೊಟ್ಟು, ಊರು, ದಿನಾಂಕ, ಹೂವಿನ ಬಣ್ಣ, ಸುತ್ತಲಿನ ನೆಲ ಹೇಗಿದೆ ಎಂಬುದನ್ನೆಲ್ಲ ಬರೆದುಕೊಳ್ಳಬೇಕು. ಒಣಗಿದ ಮೇಲೆ ಬಣ್ಣ ಹೋಗುತ್ತದೆ, ಆಗ ಆ ಟಿಪ್ಪಣಿಯೇ ಆಧಾರ.

ಆಮೇಲೆ ಹಳೆಯ ಪತ್ರಿಕೆಗಳ ನಡುವೆ ಗಿಡವನ್ನು ಹರಡಿ ಭಾರದಡಿ ಒತ್ತಿಡಬೇಕು. ದಿನವೂ ಕಾಗದ ಬದಲಿಸಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಸಲು ಹಿಡಿಯುತ್ತದೆ. ಒಣಗಿದ ಗಿಡವನ್ನು ದಪ್ಪ ಹಾಳೆಗೆ ಅಂಟಿಸಿ, ಹುಳ ಬೀಳದಂತೆ ಮದ್ದು ಹಾಕಿ, ಕುಟುಂಬವಾರು ಕಪಾಟಿನಲ್ಲಿಡಬೇಕು. ಹೆಸರು ಖಚಿತಪಡಿಸಲು ಹಿಂದಿನವರ ಗ್ರಂಥ, ಹಿಂದಿನವರ ಹಾಳೆ ಎರಡನ್ನೂ ಹೋಲಿಸಬೇಕು.

ಹಾಸನ ಯೋಜನೆಯ ಹಾಳೆಗಳ ಮೇಲೆ ಎಚ್.ಎಫ್.ಪಿ. ಎಂಬ ಗುರುತಿನೊಂದಿಗೆ ಸಂಖ್ಯೆ ಇರುತ್ತದೆ. ಸಂಗ್ರಹಿಸಿದವರ ಜಾಗದಲ್ಲಿ ಫಾದರ್ ಸೆಸಿಲ್ ಅವರ ಹೆಸರಿನ ಜೊತೆ ಟಿ. ಪಿ. ರಾಮಮೂರ್ತಿ ಅವರಂತಹ ಯುವ ಸಂಗಾತಿಗಳ ಹೆಸರೂ ಇರುತ್ತದೆ. ಒಂದು ಪ್ರತಿ ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಉಳಿದರೆ ಇನ್ನೊಂದು ಸ್ಮಿತ್‌ಸೋನಿಯನ್ ಸಂಸ್ಥೆಗೆ ಹೋಯಿತು. ಬಿಸಿಲೆ, ಶಿರಾಡಿಯಲ್ಲಿ ಮಳೆಗೆ ನೆನೆದು ಕಿತ್ತ ಗಿಡದ ಜೊತೆ ಈ ಹುಡುಗರ ಹೆಸರೂ ವಾಷಿಂಗ್ಟನ್ನಿನ ಕಪಾಟು ಸೇರಿತು. ಪ್ರಪಂಚದ ಯಾವ ಮೂಲೆಯ ತಜ್ಞರು ಆ ಹಾಳೆಯನ್ನು ತೆಗೆದು ನೋಡಿದರೂ ಆ ಹೆಸರನ್ನು ಓದಲೇಬೇಕು.

ಅಚ್ಚಾದ ಪುಟದಲ್ಲಿ ಎಳೆಯರ ಹೆಸರು

ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ 1976ರಲ್ಲಿ ದೆಹಲಿಯಿಂದ ಪ್ರಕಟವಾಯಿತು. ಮುಖಪುಟದಲ್ಲಿ ಸಂಪಾದಕರಾಗಿ ಸಲ್ಡಾನ್ಹಾ ಮತ್ತು ನಿಕಲ್ಸನ್ ಅವರ ಹೆಸರಿದೆ. ನಮ್ಮ ಗಮನ ಸೆಳೆಯುವುದು ಒಳಪುಟಗಳು. ಸಸ್ಯ ಕುಟುಂಬಗಳನ್ನು ಹಂಚಿಕೊಂಡು ಬೇರೆ ಬೇರೆಯವರು ಬರೆದಿದ್ದಾರೆ. ಯಾವುದನ್ನು ಯಾರು ಬರೆದರೋ ಅವರ ಹೆಸರಿನಲ್ಲೇ ಅದು ಅಚ್ಚಾಗಿದೆ.

ಇದು ಸಣ್ಣ ಸಂಗತಿಯೆಂದು ತೋರಬಹುದು. ಸಂಶೋಧನೆಯ ಲೋಕವನ್ನು ಬಲ್ಲವರಿಗೆ ಇದು ಸಣ್ಣದಲ್ಲ ಎಂದು ಗೊತ್ತು. ಕಾಡು ಅಲೆದವರು, ಹಾಳೆ ಅಂಟಿಸಿದವರು, ವಿವರಣೆ ಬರೆದವರು ಎಲ್ಲ ಎಳೆಯರೇ ಆಗಿದ್ದು, ಕೊನೆಗೆ ಮುನ್ನುಡಿಯ ಒಂದು ಸಾಲಿನಲ್ಲಿ ಅವರಿಗೆ ಕೃತಜ್ಞತೆ ಹೇಳಿ ಮುಗಿಸುವ ರೂಢಿ ಎಲ್ಲ ಕಡೆಗಳಲ್ಲೂ ಇದೆ. ಫಾದರ್ ಸೆಸಿಲ್ ಸಂಪಾದಿಸಿದ ಗ್ರಂಥ ಆ ಹಾದಿ ಹಿಡಿಯಲಿಲ್ಲ. ಅದರ ಫಲವಾಗಿ, ಅರ್ಧ ಶತಮಾನದ ಬಳಿಕವೂ ಸಸ್ಯಶಾಸ್ತ್ರದ ಲೇಖನಗಳಲ್ಲಿ ಆ ಭಾಗಗಳನ್ನು ಉಲ್ಲೇಖಿಸುವವರು ಮೊದಲು ರಾಮಮೂರ್ತಿ ಅಥವಾ ಗಾಂಧಿ ಎಂದು ಬರೆದು, ಆಮೇಲೆ ಸಂಪಾದಕರ ಹೆಸರು ಬರೆಯುತ್ತಾರೆ.

ಹೀಗೆ ಹೆಸರು ಪಡೆದವರು ಮುಂದೆ ಏನಾದರು? ಟಿ. ಪಿ. ರಾಮಮೂರ್ತಿ ಅವರು ಮೆಕ್ಸಿಕೋ ದೇಶದ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಿ ತುಳಸಿಯ ಕುಟುಂಬದ ಸಾಲ್ವಿಯಾ ಗಿಡಗಳಲ್ಲಿ ಪರಿಣತರಾದರು. ಮೆಕ್ಸಿಕೋದ ಜೀವವೈವಿಧ್ಯದ ಕುರಿತು 1993ರಲ್ಲಿ ಬಂದ ಪ್ರಸಿದ್ಧ ಗ್ರಂಥದ ಸಂಪಾದಕರಲ್ಲಿ ಮೊದಲ ಹೆಸರು ಅವರದೇ. ಕೆ. ಎನ್. ಗಾಂಧಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹರ್ಬೇರಿಯಂ ಸೇರಿ ಸಸ್ಯಗಳ ವೈಜ್ಞಾನಿಕ ಹೆಸರಿನ ನಿಯಮಗಳಲ್ಲಿ ಜಗತ್ತೇ ಸಲಹೆ ಕೇಳುವ ತಜ್ಞರಾದರು. ಹಾಸನದ ಕಾಡಿನಲ್ಲಿ ಗಿಡ ಹಿಡಿದು ಹೆಸರು ಹುಡುಕಿದವರು ಮೆಕ್ಸಿಕೋ, ಅಮೆರಿಕದವರ ಗಿಡಗಳಿಗೆ ಹೆಸರು ತೀರ್ಮಾನಿಸುವ ಮಟ್ಟಕ್ಕೆ ಏರಿದರು. ಅದು ಅವರ ಸ್ವಂತ ಪ್ರತಿಭೆ ಮತ್ತು ಶ್ರಮದ ಫಲ, ಸಂದೇಹವಿಲ್ಲ. ಆದರೆ ಮೊದಲ ಮೆಟ್ಟಿಲು ಇದ್ದದ್ದು ಬೆಂಗಳೂರಿನ ಒಂದು ಕೆಥೋಲಿಕ್ ಕಾಲೇಜಿನಲ್ಲಿ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬಹುದು.

ಹಾಸನದಿಂದ ಇಡೀ ಕರ್ನಾಟಕಕ್ಕೆ

ಕಾಲೇಜಿನಲ್ಲಿ ಫಾದರ್ ಸೆಸಿಲ್ ಕಟ್ಟಿ ನಡೆಸಿದ ಸಸ್ಯ ವರ್ಗೀಕರಣ ಅಧ್ಯಯನ ಕೇಂದ್ರ ಮುಂದೆ ಇಡೀ ರಾಜ್ಯವನ್ನು ಕೈಗೆತ್ತಿಕೊಂಡಿತು. ಕರ್ನಾಟಕದ ಸಸ್ಯಗಳ ಗ್ರಂಥದ ಮೊದಲ ಸಂಪುಟ 1984ರಲ್ಲಿ ಬಂತು. ಇದಕ್ಕೂ ಹೊಸ ತಲೆಮಾರಿನ ಸಂಶೋಧಕರು ಕೈಜೋಡಿಸಿದರು. ಹಾಳೆಗಳ ಮೇಲಿನ ಗುರುತು ಎಚ್.ಎಫ್.ಪಿ. ಹೋಗಿ ಕೆ.ಎಫ್.ಪಿ. ಆಯಿತು.

ಈ ನಡುವೆ ಫಾದರ್ ಸೆಸಿಲ್ ಪರಿಸರದ ಪ್ರಶ್ನೆಗಳಿಗೂ ಕೈ ಹಾಕಿದರು. 1983ರಲ್ಲಿ ಉತ್ತರ ಕನ್ನಡದಲ್ಲಿ ಜನರು ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿ ಆರಂಭಿಸಿದ್ದ ಕಾಲವದು. ರಾಜ್ಯದ ಕಾಡು, ನೀರು, ಮಣ್ಣು ಯಾವ ಸ್ಥಿತಿಯಲ್ಲಿವೆ ಎಂಬುದರ ಬಗ್ಗೆ ಅವರ ಸಂಪಾದಕತ್ವದಲ್ಲಿ ಕರ್ನಾಟಕದ ಪರಿಸರ ಸ್ಥಿತಿಗತಿಯ ವರದಿಗಳು 1980ರ ದಶಕದಲ್ಲಿ ಒಂದಾದ ಮೇಲೊಂದು ಪ್ರಕಟವಾದವು. ಅಂಡಮಾನ್, ನಿಕೋಬಾರ್ ಮತ್ತು ಲಕ್ಷದ್ವೀಪಗಳ ಪರಿಸರದ ಮೇಲೆ ಆಗುತ್ತಿರುವ ಪರಿಣಾಮಗಳ ಬಗ್ಗೆ ಅವರು ಬರೆದ ಗ್ರಂಥ 1989ರಲ್ಲಿ ಬಂತು.

ಕರ್ನಾಟಕದ ಸಸ್ಯ ಗ್ರಂಥದ ಎರಡನೆಯ ಸಂಪುಟ ಹೊರಬಂದದ್ದು 1996ರಲ್ಲಿ, ಅಂದರೆ ಮೊದಲನೆಯದು ಬಂದು 12 ವರ್ಷಗಳ ಮೇಲೆ. ಆಗ ಫಾದರ್ ಸೆಸಿಲ್ ಅವರಿಗೆ ಎಪ್ಪತ್ತರ ಹತ್ತಿರದ ವಯಸ್ಸು. 2002ರಲ್ಲಿ ಅವರು ಪ್ರಭುವಿನಲ್ಲಿ ವಿಶ್ರಮಿಸಿದರು. ಮೂರನೆಯ ಸಂಪುಟ ಬರಲಿಲ್ಲ.

ಬರೆಯದೆ ಉಳಿದ ಪುಟಗಳು

ಏನು ಬರೆದಾಯಿತು, ಏನು ಉಳಿಯಿತು ಎಂಬುದನ್ನು ನಮ್ಮ ಹಿತ್ತಿಲ ಗಿಡಗಳ ಮೂಲಕವೇ ಹೇಳಬಹುದು. ಮೊದಲ ಸಂಪುಟ ಸಂಪಿಗೆಯ ಕುಟುಂಬದಿಂದ ಆರಂಭವಾಗುತ್ತದೆ. ಕಾಳುಮೆಣಸು, ಹಲಸು, ದಾಸವಾಳದ ಕುಟುಂಬಗಳನ್ನು ದಾಟಿ ಅವರೆ, ತೊಗರಿಯ ಕುಟುಂಬದಲ್ಲಿ ಮುಗಿಯುತ್ತದೆ. ನೇರಳೆ, ಶ್ರೀಗಂಧ, ಮಾವು, ಗೇರು, ಒಂದೆಲಗ ಇವುಗಳ ಕುಟುಂಬಗಳು ಎರಡನೆಯ ಸಂಪುಟದ ಪಾಲಿಗೆ ಬಂದವು.

ಆ ಗ್ರಂಥ ಅನುಸರಿಸಿದ ಕ್ರಮದಲ್ಲಿ ಇವುಗಳ ನಂತರ ಬರಬೇಕಾಗಿದ್ದವು ಮಲ್ಲಿಗೆ, ಕಾಫಿ, ತುಳಸಿ, ಸೇವಂತಿಗೆಯ ಕುಟುಂಬಗಳು. ಆಮೇಲೆ ಭತ್ತ, ರಾಗಿ, ತೆಂಗು, ಅಡಿಕೆ, ಬಾಳೆ, ಶುಂಠಿ, ಕೆಸು, ಆರ್ಕಿಡ್‌ಗಳು. ಕರಾವಳಿಯ ಊಟದ ಎಲೆಯ ಮೇಲಿನ ಬಹುಪಾಲು, ಎಲೆಯೂ ಸೇರಿ, ಬರೆಯದೆ ಉಳಿದ ಭಾಗದಲ್ಲೇ ಇದೆ! ಫಾದರ್ ಸೆಸಿಲ್ ಅವರು ಯುವಕರಾಗಿದ್ದಾಗ ಆರಿಸಿಕೊಂಡ ಸ್ಕ್ರೊಫುಲೇರಿಯೇಸಿ ಕುಟುಂಬವೂ ಅಲ್ಲೇ ಉಳಿಯಿತು. ಜೀವನವಿಡೀ ಇತರರ ಜೊತೆ ಸೇರಿ ಇತರ ಕುಟುಂಬಗಳನ್ನು ಬರೆಸಿದ ಗುರುಗಳಿಗೆ ತಮ್ಮ ಮೊದಲ ಪ್ರೀತಿಯ ಕುಟುಂಬವನ್ನು ಕರ್ನಾಟಕದ ಗ್ರಂಥದಲ್ಲಿ ಕಾಣುವ ಯೋಗ ಬರಲಿಲ್ಲ.

ಆದರೂ ಕೆಲಸ ನಿಂತುಹೋಯಿತು ಎನ್ನಲಾಗದು. ಚಿಕ್ಕಮಗಳೂರು ಜಿಲ್ಲೆಗೆ 1982ರಲ್ಲಿ, ಕೊಡಗಿಗೆ 1990ರಲ್ಲಿ, ಉಡುಪಿಗೆ 2003ರಲ್ಲಿ ಬೇರೆ ಬೇರೆ ವಿದ್ವಾಂಸರು ಪ್ರತ್ಯೇಕ ಸಸ್ಯ ಗ್ರಂಥಗಳನ್ನು ಬರೆದಿದ್ದಾರೆ. ಉಡುಪಿಯ ಗ್ರಂಥ ಬರೆದವರು ಅಲ್ಲಿನ ಪೂರ್ಣಪ್ರಜ್ಞ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಕೆ. ಗೋಪಾಲಕೃಷ್ಣ ಭಟ್ಟರು. ಸಂತ ಜೋಸೆಫರ ಕಾಲೇಜಿನಲ್ಲಿ ಕಟ್ಟಿದ ಒಣಸಸ್ಯಗಳ ಸಂಗ್ರಹ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಗುರುತು ಇಂದಿಗೂ ಜೆ.ಸಿ.ಬಿ. ಎಂದೇ ಇದೆ. ಆ ಸಂಗ್ರಹವನ್ನು ನೆಲೆಯಾಗಿಟ್ಟುಕೊಂಡು ಕರ್ನಾಟಕದ ಸಸ್ಯಗಳ ಮಾಹಿತಿಯನ್ನು ಚಿತ್ರಸಹಿತ ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಅಲ್ಲಿನವರು ಮಾಡಿದ್ದಾರೆ. 1970ರ ಮಳೆಗಾಲದಲ್ಲಿ ಒಣಗಿಸಿದ ಗಿಡ ಇಂದು ಮೊಬೈಲಿನ ಪರದೆಯ ಮೇಲೆ ಕಾಣುತ್ತದೆ.

ನಮ್ಮ ಪಾಲಿನ ಕೆಲಸ

ಹೆಸರು ತಿಳಿಯುವುದರಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ಮತ್ತೆ ನಂಜನಗೂಡಿನದೇ ಉದಾಹರಣೆ ಕೊಡುತ್ತೇವೆ. ಅಲ್ಲಿನ ರಸಬಾಳೆಯ ಪರಿಮಳ, ರುಚಿ ನಾಡಿಗೆಲ್ಲ ಗೊತ್ತು. ಭೌಗೋಳಿಕ ಗುರುತಿನ ಮಾನ್ಯತೆಯೂ ಅದಕ್ಕಿದೆ. ಆದರೆ ಮಣ್ಣಿನಿಂದ ಬೇರಿಗೆ ಹತ್ತುವ ಪನಾಮ ಸೊರಗು ರೋಗದಿಂದ ತೋಟಗಳು ಕರಗುತ್ತಾ ಬಂದು ಈ ಬಾಳೆ ಅಪರೂಪವಾಗಿದೆ. ಇಂತಹ ರೋಗದ ವಿರುದ್ಧ ಹೋರಾಡಲು ರೋಗಶಾಸ್ತ್ರ ಬಲ್ಲವರು ಬೇಕು, ತಳಿ ಬಲ್ಲವರು ಬೇಕು, ಕಾಡಿನಲ್ಲಿರುವ ಬಾಳೆಯ ಸಂಬಂಧಿಗಳನ್ನು ಗುರುತಿಸಬಲ್ಲವರೂ ಬೇಕು. ಇವರೆಲ್ಲ ಒಂದೇ ದಿನದಲ್ಲಿ ತಯಾರಾಗುವುದಿಲ್ಲ. ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿನಲ್ಲಿ ಯಾರಾದರೂ ಅವರ ಕೈ ಹಿಡಿದಿರಬೇಕು.

ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರ ತಮ್ಮ ವಿಶ್ವಪತ್ರ ಲೌದಾತೋ ಸಿ ಯಲ್ಲಿ, ಜೀವಜಾಲ ಹೇಗೆ ನಡೆಯುತ್ತದೆ ಎಂಬುದನ್ನು ಅರಿಯಲು ಸಂಶೋಧನೆಗೆ ಇನ್ನೂ ಹೆಚ್ಚು ಹಣ ತೊಡಗಿಸಬೇಕೆಂದು ಹೇಳಿದ್ದಾರೆ. ಪರಿಸರ ಭಾನುವಾರದಂದು ದೇವಾಲಯದ ಅಂಗಳದಲ್ಲಿ ಒಂದು ಸಸಿ ನೆಡುವುದು ಒಳ್ಳೆಯದೇ. ಆದರೆ ಫಾದರ್ ಸೆಸಿಲ್ ಅವರ ಜೀವನ ಅದಕ್ಕಿಂತ ಮುಂದಿನ ಹೆಜ್ಜೆಯನ್ನು ತೋರಿಸುತ್ತದೆ.

ನಮ್ಮ ಧರ್ಮಕೇಂದ್ರಗಳ, ಸಂಘಟನೆಗಳ ವಿದ್ಯಾರ್ಥಿವೇತನಗಳು ಬಹುಪಾಲು ಇಂಜಿನಿಯರಿಂಗ್, ನರ್ಸಿಂಗ್ ಓದುವವರಿಗೆ ಹೋಗುತ್ತವೆ. ಅದು ಸರಿಯೇ, ಆ ಮನೆಗಳಿಗೆ ಅದು ಅಗತ್ಯ. ಅದರ ಜೊತೆಗೆ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ. ಮಾಡಬೇಕೆಂದಿರುವ ಒಬ್ಬಳು ಹುಡುಗಿಗೆ ಒಂದು ವರ್ಷದ ಬಸ್ಸಿನ ಖರ್ಚು, ಕಾಡಿನ ಓಡಾಟದ ಖರ್ಚು ಕೊಡುವುದು ನಮ್ಮ ಶಕ್ತಿಗೆ ಮೀರಿದ್ದಲ್ಲ. ನಮ್ಮ ಕಾಲೇಜುಗಳಲ್ಲಿ ಹಳೆಯ ಒಣಸಸ್ಯಗಳ ಕಪಾಟುಗಳಿದ್ದರೆ ಜಾಗ ಸಾಲದೆಂದು ಅವುಗಳನ್ನು ಹೊರಗೆ ಹಾಕುವ ಮೊದಲು ತಿಳಿದವರಿಗೆ ತೋರಿಸಬೇಕು. ದೇವಾಲಯದ ಸುತ್ತಲಿನ ತೋಪು, ಸ್ಮಶಾನದ ಅಂಚು, ಕಾನ್ವೆಂಟಿನ ಹಿತ್ತಿಲು, ಇಲ್ಲೆಲ್ಲ ಯಾವ ಯಾವ ಗಿಡಗಳಿವೆ ಎಂದು ವಿದ್ಯಾರ್ಥಿಗಳಿಂದ ಪಟ್ಟಿ ಮಾಡಿಸಬಹುದು. ಊರಿನ ಅಜ್ಜ ಅಜ್ಜಿಯರಿಂದ ಅವುಗಳ ತುಳು, ಕೊಂಕಣಿ, ಕನ್ನಡ ಹೆಸರು ಕೇಳಿ ಬರೆಯಿಸಬಹುದು. ಆ ಪಟ್ಟಿಯನ್ನು ಅಚ್ಚು ಹಾಕಿಸಿದಾಗ ಅದರ ಮೇಲೆ ವಿದ್ಯಾರ್ಥಿಗಳ ಹೆಸರು ಇರಲಿ. ಮುಖ್ಯಸ್ಥರ ಹೆಸರು ಕೆಳಗಿದ್ದರೂ ಸಾಕು.

ಫಾದರ್ ಸೆಸಿಲ್ ಅವರ ಗ್ರಂಥಗಳನ್ನು ಓದುವವರು ನಮ್ಮಲ್ಲಿ ಕಡಿಮೆ. ಆದರೆ ಅವರ ಮಾದರಿಯನ್ನು ಅನುಸರಿಸಲು ಸಸ್ಯಶಾಸ್ತ್ರ ಗೊತ್ತಿರಬೇಕೆಂದಿಲ್ಲ. ಮಲ್ಲಿಗೆಯೂ ಭತ್ತವೂ ಬಾಳೆಯೂ ಸೇರಬೇಕಾಗಿದ್ದ ಆ ಮುಂದಿನ ಸಂಪುಟವನ್ನು ಬರೆಯಬಲ್ಲವರು ಈಗ ನಮ್ಮದೇ ಯಾವುದೋ ಶಾಲೆಯ ಎಂಟನೆಯ ತರಗತಿಯಲ್ಲಿ ಕುಳಿತಿರಬಹುದು. ಅಂತಹವರು ಗಿಡದ ಹೆಸರು ಕೇಳಿಕೊಂಡು ಬಂದಾಗ ಅವರನ್ನು ಬರಿಗೈಯಲ್ಲಿ ಕಳುಹಿಸದಿರೋಣ. ವಂದನೀಯ ಫಾದರ್ ಸೆಸಿಲ್ ಸಲ್ಡಾನ್ಹಾ ಅವರ ಆತ್ಮಕ್ಕೆ ಪ್ರಭು ನಿತ್ಯ ಶಾಂತಿಯನ್ನು ದಯಪಾಲಿಸಲಿ.